ಐವತ್ತೇಳರ ಕುಲಾವಿ

ಶಿವರಾತ್ರಿ ಕಳೆದ ಮೊದಲನೇ ಭಾನುವಾರ, ಬೆಳಿಗ್ಗೆ ಒಂಬತ್ತು ಗಂಟೆ. ಚಳಿ ಬಿಟ್ಟಿತ್ತು, ಬಿಸಿಲು ಇನ್ನೂ ಕಚ್ಚುವುದಕ್ಕೆ ಶುರು ಮಾಡಿರಲಿಲ್ಲ. ಗೌರಿಬಿದನೂರಿನಿಂದ ಎರಡು ಮೈಲಿ ಆಚೆ ಇರುವ ಒಣ ಕೆರೆಯ ಅಂಗಳದ ಮೇಲೆ ಎರಡು ಆಟದ ವಿಮಾನಗಳು ಒಂದನ್ನೊಂದು ಅಟ್ಟಿಸಿಕೊಂಡು ಹೋಗುತ್ತಿದ್ದವು. ಕೆರೆ ಏರಿಯ ಮೇಲೆ, ಜಾಲಿ ಮರದ ನೆರಳಲ್ಲಿ ರಾಮಾಂಜಿನಪ್ಪ ಕುಕ್ಕರುಗಾಲಲ್ಲಿ ಕೂತು ನೋಡುತ್ತಿದ್ದ. ಎಲ್ಲ ಶುರುವಾದದ್ದು ಅಲ್ಲಿಂದಲೇ.

ಆಟ ಅಂದರೆ ಹೆಸರಿಗೆ ಆಟ. ಒಂದೊಂದು ವಿಮಾನದ ಬಾಲಕ್ಕೂ ಎರಡು ಮಾರು ಉದ್ದದ ರೇಷ್ಮೆ ಪಟ್ಟಿ ಕಟ್ಟುತ್ತಾರೆ. ಎದುರಾಳಿಯ ಪಟ್ಟಿಯನ್ನು ತನ್ನ ವಿಮಾನದ ಪ್ರೊಪೆಲ್ಲರಿನಿಂದ ಕತ್ತರಿಸಬೇಕು. ಕತ್ತರಿಸಿದವನು ಗೆದ್ದ. ವಿಮಾನ ಎರಡು ಮೊಳ ಉದ್ದವಷ್ಟೇ ಇದ್ದರೂ ಅದರ ಮೂತಿಯ ಇಂಜಿನ್ನಿಗೆ ಬೆರಳು ಕೊಟ್ಟರೆ ಬೆರಳು ವಾಪಸು ಬರುವುದಿಲ್ಲ. ಚಿಕ್ಕಬಳ್ಳಾಪುರ, ಚಿಂತಾಮಣಿ, ಶಿಡ್ಲಘಟ್ಟದ ಕಡೆಯಿಂದ ಎಂಟು ಹತ್ತು ಜನ ಭಾನುವಾರಕ್ಕೊಮ್ಮೆ ಕಾರಿನ ಡಿಕ್ಕಿಯಲ್ಲಿ ವಿಮಾನ ಹಾಕಿಕೊಂಡು ಬರುತ್ತಿದ್ದರು.

ಅವರಲ್ಲಿ ಒಬ್ಬ ರಾಮಾಂಜಿನಪ್ಪನ ಅಳಿಯ ಮೋಹನ್‌ಬಾಬು. ಶಿಡ್ಲಘಟ್ಟದಲ್ಲಿ ಹತ್ತು ಬೇಸಿನ್ನಿನ ನೂಲು ಬಿಚ್ಚುವ ಶೆಡ್ಡು ಅವನದು. ಬೇಸಿನ್ ತೊಟ್ಟಿಯ ಕುದಿಯುವ ನೀರಲ್ಲಿ ರೇಷ್ಮೆ ಗೂಡು ಬೇಯಿಸಿ ಎಳೆ ತೆಗೆಯುವ ಕೆಲಸ. ಮಾತು ಸಿಹಿ, ನಗು ದೊಡ್ಡದು, ಸೋಲು ಮಾತ್ರ ಆಗದು. ಎದುರಾಳಿ ಚಿಂತಾಮಣಿಯ ಮೇಷ್ಟ್ರು ಭಾನುಪ್ರಕಾಶ್. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವ, ಸಣಕಲು ಮನುಷ್ಯ.

ಮೋಹನ್‌ಬಾಬುವಿನ ವಿಮಾನ ಮೇಲಿಂದ ಎರಗಿ ಮೇಷ್ಟ್ರ ಪಟ್ಟಿಗೆ ಬಾಯಿ ಹಾಕಿತು. ಪಟ್ಟಿ ತುಂಡಾಗಬೇಕಿತ್ತು. ಆಗಲಿಲ್ಲ. ಪ್ರೊಪೆಲ್ಲರಿನ ಬುಡಕ್ಕೆ ಸುತ್ತಿಕೊಂಡಿತು. ಇಂಜಿನ್ನು ಗಂಟಲು ಹಿಸುಕಿದ ಹಾಗೆ ಒಂದು ಸದ್ದು ಮಾಡಿ ನಿಂತೇ ಹೋಯಿತು. ವಿಮಾನ ತಲೆಕೆಳಗಾಗಿ ಬಂದು ಕೆರೆಯ ಬಿರುಕು ಮಣ್ಣಿಗೆ ಬಡಿದು ಚೂರಾಯಿತು.

ಭಾನುಪ್ರಕಾಶ್ ಹೋಗಿ ಮೂತಿಯ ತುಂಡು ಎತ್ತಿ ತಿರುಗಿಸಿ ನೋಡಿ ನಗಾಡಿದ.

"ಏನ್ರೀ ಮೋಹನ್‌ಬಾಬು, ಶಿಡ್ಲಘಟ್ಟದ ಬುದ್ಧಿ ಬಿಡ್ಲಿಲ್ವಲ್ರೀ ನಿಮ್ಮ ವಿಮಾನ! ಹುಳ ಇದ್ದಂಗೆ ಮೈಗೆಲ್ಲ ರೇಷ್ಮೆ ಸುತ್ಕೊಂಡು ಸತ್ತೋಯ್ತು ನೋಡಿ. ಇನ್ನು ಬೇಸಿನ್ನಿಗೆ ಹಾಕಿ, ನೂಲಾದ್ರೂ ಸಿಗ್ಲಿ!"

ಸುತ್ತ ನಿಂತವರೆಲ್ಲ ನಕ್ಕರು. ಮೋಹನ್‌ಬಾಬುವೂ ನಕ್ಕ. ನಗುತ್ತಲೇ ಕಾರಿನ ಹತ್ತಿರ ನಿಂತಿದ್ದ ಹೆಂಡತಿ ಸೌಜನ್ಯಳ ಕಡೆಗೆ ಒಂದು ಸಲ ತಿರುಗಿ ನೋಡಿದ. ಏರಿಯ ಮೇಲಿದ್ದ ರಾಮಾಂಜಿನಪ್ಪನಿಗೆ ಆ ನೋಟ ಕಾಣಲಿಲ್ಲ. ಮಗಳು ಒಂದು ಹೆಜ್ಜೆ ಹಿಂದಕ್ಕಿಟ್ಟದ್ದು ಮಾತ್ರ ಕಂಡಿತು.

ಬುಧವಾರ ಮಧ್ಯಾಹ್ನ ಅಳಿಯ ಮಗಳು ಇಬ್ಬರೂ ರಾಮಾಂಜಿನಪ್ಪನ ಶೆಡ್ಡಿಗೆ ಬಂದರು. ಕುಡುಮಲಕುಂಟೆಯ ಕಾರ್ಖಾನೆಯೊಂದರಲ್ಲಿ ಮೂವತ್ತೊಂದು ವರ್ಷ ಲೇತು ತಿರುಗಿಸಿ, ನಿವೃತ್ತಿಯಾದ ಮೇಲೆ ಅವನು ಗೌರಿಬಿದನೂರಿನ ಮನೆಯ ಹಿಂದೆಯೇ ಒಂದು ಹಳೆ ಲೇತು ಇಟ್ಟುಕೊಂಡಿದ್ದ. ಪಂಪಿನ ಶಾಫ್ಟು, ಟ್ರ್ಯಾಕ್ಟರಿನ ಬುಷ್ಷು, ಹೀಗೆ ಬಂದದ್ದನ್ನು ಮಾಡಿಕೊಡುತ್ತಿದ್ದ. ಓದಿದ್ದು ನಾಲ್ಕನೇ ಕ್ಲಾಸು. ಮಿಲಿಮೀಟರಿನ ಲೆಕ್ಕ ಮಾತ್ರ ಕೈಬೆರಳಲ್ಲೇ ಇತ್ತು.

ಮೋಹನ್‌ಬಾಬು ಹಳೆಯದರ ಅಳತೆಯದೇ ಹೊಸ ವಿಮಾನವನ್ನು ಬೆಂಚಿನ ಮೇಲಿಟ್ಟ. ಕೆಂಪು ಬಣ್ಣ, ಕಪ್ಪು ರೆಕ್ಕೆ.

"ಏಂ ಮಾವಾ, ನೋಡಿದ್ರಲ್ಲ ಮೊನ್ನೆ. ಆ ಬೆಂಗಳೂರಿನ ಅಂಗಡಿಯವ್ನು ಕಳಿಸಿದ ಸ್ಪಿನ್ನರ್ ಸಣ್ಣದು. ಐವತ್ನಾಲ್ಕು ಮಿಲಿಮೀಟರು. ಮೂತಿಗೂ ಅದಕ್ಕೂ ಸಂದು ಬಿತ್ತು, ಆ ಸಂದಲ್ಲಿ ಪಟ್ಟಿ ಹೊಕ್ಕೊಂತು. ನೀವೇ ಅಲ್ಯೂಮಿನಿಯಂನಲ್ಲಿ ಒಂದು ಮಾಡ್ಕೊಡ್ಬೇಕು."

ಸ್ಪಿನ್ನರ್ ಅಂದರೆ ಪ್ರೊಪೆಲ್ಲರಿನ ನಡುವಿಗೆ ಮುಚ್ಚುವ ಚೂಪು ಟೋಪಿ. ಎಳೆ ಕೂಸಿನ ತಲೆಗೆ ಕಟ್ಟುವ ಕುಲಾವಿಯ ಹಾಗೆ ಕಾಣುತ್ತದೆ ಅಂತ ರಾಮಾಂಜಿನಪ್ಪ ಅದಕ್ಕೆ ಕುಲಾವಿ ಅನ್ನುತ್ತಿದ್ದ.

"ಐವತ್ನಾಲ್ಕು ಅಂತ ಅವ್ರಿಗೆ ಹೇಳಿದ್ಯಾರು?" ಅಂದ.

"ನಾವೇ. ಮೂತಿ ಸುತ್ತ ದಾರ ಹಿಡಿದು ಅಳೆದು, ಅದರಿಂದ ಅಡ್ಡಗಲ ಲೆಕ್ಕ ಹಾಕಿದ್ವಿ. ಇವಳು ಒಂದು ಕೊನೆ ಹಿಡಿದಿದ್ಲು." ಅವನು ಹೆಂಡತಿಯ ಕಡೆ ಗದ್ದ ಎತ್ತಿ ತೋರಿಸಿದ. "ನೆಟ್ಟಗೆ ಹಿಡೀ ಅಂದ್ರೆ ನೆಟ್ಟಗೆ ಹಿಡೀಬೇಕು. ಬೆರಳಿಗೆ ಬುದ್ಧಿ ಬೇಡ್ವಾ?"

ಆಗ ರಾಮಾಂಜಿನಪ್ಪ ಮಗಳ ಬಲಗೈ ನೋಡಿದ. ಹೆಬ್ಬೆರಳಿಗೂ ತೋರುಬೆರಳಿಗೂ ಬಿಳಿ ಬಟ್ಟೆ ಸುತ್ತಿತ್ತು. ಬಟ್ಟೆಯ ಅಂಚಿನಿಂದಾಚೆ ಚರ್ಮ ಬೇಯಿಸಿದ ಟೊಮೇಟೊ ಸಿಪ್ಪೆಯ ಹಾಗೆ ಸುಲಿದು ನಿಂತಿತ್ತು.

"ಏನಾಯ್ತಮ್ಮಾ ಕೈಗೆ?"

"ಬೇಸಿನ್ ನೀರು ತಾಕ್ತಪ್ಪ," ಅಂದಳು ಸೌಜನ್ಯ. ಕಣ್ಣು ಲೇತಿನ ಕಡೆಗಿತ್ತು.

ಬೇಸಿನ್ ನೀರು ತಾಕಿದರೆ ಕೈಯೆಲ್ಲ ತಾಕುತ್ತದೆ. ಕೆಲಸ ಮಾಡುವ ಹೆಂಗಸರ ಬೆರಳ ತುದಿಗಳು ವರ್ಷಾನುಗಟ್ಟಲೆ ನೀರಲ್ಲಿ ನೆನೆದು ಬಿಳಿಚಿಕೊಂಡಿರುತ್ತವೆ. ಅದು ಬೇರೆ. ದಾರ ಹಿಡಿದ ಎರಡೇ ಬೆರಳು, ಬುಡದವರೆಗೆ, ಯಾರೋ ಲೆಕ್ಕ ಹಾಕಿ ಅದ್ದಿದ ಹಾಗೆ ಬೆಂದಿದ್ದವು. ರಾಮಾಂಜಿನಪ್ಪ ಆ ಬಟ್ಟೆಯನ್ನು ನೋಡಿದ. ಅಳಿಯನ ಮಣಿಕಟ್ಟಿನ ಮೇಲೆ ಉಗುರು ಗೀಚಿದ ನಾಲ್ಕು ಗೆರೆ ನೋಡಿದ. ಬಾಯಿ ಬಿಡಲಿಲ್ಲ. ಸ್ವಭಾವವೇ ಹಾಗೆ, ಮಾತನ್ನು ಒಳಗೆ ಹಾಕಿಕೊಂಡು ಮೇಲೆ ಕಲ್ಲು ಹೇರುವ ಮನುಷ್ಯ.

"ಹೆಂಗೆ ಅಳೆದ್ರಿ, ಒಂದು ಸಲ ತೋರ್ಸಿ," ಅಂದ.

ಮೋಹನ್‌ಬಾಬು ಜೇಬಿನಿಂದ ಹಸಿ ರೇಷ್ಮೆಯ ಎಳೆ ತೆಗೆದ. ಶಿಡ್ಲಘಟ್ಟದವರಿಗೆ ದಾರ ಅಂದರೆ ಅದೇ. ಟೇಪು ಮನೆಯಲ್ಲಿದ್ದರೂ ಕೈ ಹೋಗುವುದು ಎಳೆಗೇ. ಒಂದು ಕೊನೆಯನ್ನು ರಾಮಾಂಜಿನಪ್ಪನ ಕೈಗೆ ಕೊಟ್ಟು, ಇನ್ನೊಂದನ್ನು ಮೂತಿಯ ಸುತ್ತ ತಂದು, ಬಿಗಿಯಾಗಲಿ ಅಂತ ಹಲ್ಲು ಕಚ್ಚಿ ಎಳೆದ. ಎಳೆದು ಉಗುರಿನಿಂದ ಗುರುತು ಮಾಡಿದ.

ರಾಮಾಂಜಿನಪ್ಪ ಆ ಎಳೆಯನ್ನು ತೆಗೆದು ಬೆಂಚಿನ ಮೇಲೆ ಸುಮ್ಮನೆ ಮಲಗಿಸಿದ. ಪಕ್ಕದಲ್ಲಿ ಸ್ಟೀಲಿನ ಅಡಿಕೋಲು ಇಟ್ಟ. ಮೂರು ಜನವೂ ನೋಡುತ್ತಿದ್ದ ಹಾಗೆ ಎಳೆ ಮೆಲ್ಲಗೆ ಕುಗ್ಗಿತು, ಉಗುರಗಲ ಒಳಗೆ ಬಂತು.

"ರೇಷ್ಮೆ ಎಳೆದಷ್ಟೂ ಹಿಗ್ಗುತ್ತೆ ಅಳಿಯಂದ್ರೇ. ಬಿಟ್ಮೇಲೆ ಕುಗ್ಗುತ್ತೆ. ದಿನಾ ಅದರಲ್ಲೇ ಇರೋರು ನೀವು. ಹಿಡಿದೋರ ತಪ್ಪಲ್ಲ, ಎಳೆದೋರ ತಪ್ಪು." ವರ್ನಿಯರ್ ತೆಗೆದು ಮೂತಿಗೆ ಹಿಡಿದ. "ಐವತ್ತೇಳು. ಐವತ್ನಾಲ್ಕಲ್ಲ."

ಮೋಹನ್‌ಬಾಬು ದೊಡ್ಡದಾಗಿ ನಕ್ಕ. ಹೆಂಡತಿಯ ಭುಜಕ್ಕೆ ಮೊಳಕೈಯಿಂದ ತಿವಿದ.

"ಹಂಗಾದ್ರೆ ಸುಮ್ಸುಮ್ನೆ ಸುಟ್ಕೊಂಡೆ ಅನ್ನು ನೀನು!"

ಸೌಜನ್ಯ ನಗಲಿಲ್ಲ. ರಾಮಾಂಜಿನಪ್ಪ ವರ್ನಿಯರಿನ ಬಾಯಿ ಮುಚ್ಚಿ ಪೆಟ್ಟಿಗೆಯಲ್ಲಿಟ್ಟ.

"ಶನಿವಾರ ಬನ್ನಿ," ಅಂದ. "ಮಾಡಿಟ್ಟಿರ್ತೀನಿ."

ಅವರು ಹೋದ ಮೇಲೆ ಹೆಂಡತಿ ಆದಿಲಕ್ಷ್ಮಮ್ಮ ಕಾಫಿ ತಂದಳು. ಅವಳೂ ಮಗಳ ಕೈ ನೋಡಿದ್ದಳು.

"ಅದ್ದಿದಾನೆ ಕಣೇ," ಅಂದ ರಾಮಾಂಜಿನಪ್ಪ. "ಕೈ ಹಿಡಿದು ಬಿಸಿನೀರಿಗೆ ಅದ್ದಿದಾನೆ."

"ಗೊತ್ತಾಯ್ತು."

"ಕರ್ಕೊಂಡು ಬಂದ್ಬಿಡಣ."

"ಕರ್ಕೊಂಡ್ ಬಂದು? ಊರೆಲ್ಲ ಕೇಳ್ತಾರೆ, ಯಾಕ್ ಬಂದ್ಲು ಅಂತ. ಗಂಡಂದಿರು ಕೈ ಮಾಡ್ತಾರೆ, ಕಾಲ ಕಳೆದ್ರೆ ಇಳಿಯುತ್ತೆ." ಲೋಟ ಬೆಂಚಿನ ಮೇಲಿಟ್ಟು ಸೆರಗಿನಿಂದ ಕೈ ಒರೆಸಿಕೊಂಡಳು. "ನೀನು ಹೊಡೀಲಿಲ್ವಾ ನಂಗೆ? ಸ್ಪ್ಯಾನರ್ ತಗೊಂಡು?"

ಹೊಡೆದಿದ್ದ. ಸೌಜನ್ಯ ಹುಟ್ಟುವುದಕ್ಕೂ ಮುಂಚೆ, ಒಂದು ಯುಗಾದಿ ಹಬ್ಬದ ಮಾರನೇ ದಿನ, ಕಾರ್ಖಾನೆಯಲ್ಲಿ ಮೇಸ್ತ್ರಿ ಬೈದ ಸಿಟ್ಟನ್ನು ಮನೆಗೆ ತಂದು, ಹದಿನೇಳರ ಸ್ಪ್ಯಾನರಿನಿಂದ ಅವಳ ಬಲ ಮೊಳಕೈಗೆ ಒಂದೇ ಏಟು. ಒಂದೇ. ಆಮೇಲೆ ಇಷ್ಟು ವರ್ಷ ಕೈ ಎತ್ತಿರಲಿಲ್ಲ. ಆದರೆ ಆದಿಲಕ್ಷ್ಮಮ್ಮ ಕೊಡ ಎತ್ತುವಾಗ ಎಡಗೈ ಬಳಸುವುದನ್ನು ಅವನು ದಿನಾ ನೋಡುತ್ತಿದ್ದ. ಅವಳು ಮರೆತಿರಲಿಲ್ಲ, ಅವನೂ ಮರೆತಿರಲಿಲ್ಲ. ಮಗಳನ್ನು ಕರೆದುಕೊಂಡು ಬರುವ ಮಾತು ಮುಂದಕ್ಕೆ ಹೋಗದೆ ನಿಂತದ್ದು ಆ ಸ್ಪ್ಯಾನರಿಗೆ ತಗುಲಿಕೊಂಡು.

ಬಾಯಿಗೆ ಬರದ ಮಾತು ಕೈಗೆ ಬಂತು.

ಗುರುವಾರ ಬೆಳಿಗ್ಗೆ ಅಲ್ಯೂಮಿನಿಯಂ ಗಟ್ಟಿಯನ್ನು, ತುಂಡು ಬಿಗಿದು ಹಿಡಿಯುವ ಲೇತಿನ ಚಕ್ಕಿಗೆ ಕಚ್ಚಿಸಿ ತಿರುಗಿಸಿದ. ಸಿಪ್ಪೆ ಬೆಳ್ಳಗೆ ಸುರುಳಿ ಸುತ್ತಿ ಕಾಲ ಬಳಿ ಬಿದ್ದಿತು. ಕುಲಾವಿಯ ಬುಡ ಐವತ್ತೇಳು, ಮೂತಿಯ ಅಳತೆಗೆ ಸರಿಸಮ. ಮೂತಿಗೂ ಕುಲಾವಿಗೂ ನಡುವೆ ರೂಪಾಯಿ ನಾಣ್ಯದ ದಪ್ಪದಷ್ಟೇ ಜಾಗ, ಪಟ್ಟಿ ಹೊಗದಷ್ಟು. ಇನ್ನೂ ಒಂದು ಅಳತೆ ಇದೆ, ಅದು ಅಂಗಡಿಯ ಡಬ್ಬದ ಮೇಲೆ ಬರೆದಿರುವುದಿಲ್ಲ. ಪ್ರೊಪೆಲ್ಲರಿನ ಎರಡು ರೆಕ್ಕೆಗಳು ಹೊರಗೆ ಬರಲಿ ಅಂತ ಕುಲಾವಿಗೆ ಎರಡು ಕಡೆ ಬಾಯಿ ಕತ್ತರಿಸುತ್ತಾರೆ. ಆ ಬಾಯಿ ರೆಕ್ಕೆಯ ಬುಡವನ್ನು ಮುಟ್ಟಬಾರದು. ಸುತ್ತಲೂ ಅಂಚೆ ಕಾರ್ಡು ನಾಲ್ಕು ಜೋಡಿಸಿದಷ್ಟು ಸಂದು ಇರಬೇಕು, ಅಂಚನ್ನು ಅರ ಹಾಕಿ ದುಂಡಗೆ ಮಾಡಿರಬೇಕು. ಮುಟ್ಟಿದರೆ, ನಿಮಿಷಕ್ಕೆ ಹತ್ತು ಸಾವಿರ ಸುತ್ತು ತಿರುಗುವಾಗ, ಅಂಚು ರೆಕ್ಕೆಯ ಬುಡವನ್ನು ಕುಡುಗೋಲಿನ ಹಾಗೆ ಕೊಯ್ಯುತ್ತದೆ. ರೆಕ್ಕೆ ಮುರಿದು ಹಾರುತ್ತದೆ. ಹಾರಿದ್ದು ಎಲ್ಲಿಗೆ ಹೋಗುತ್ತದೋ ಅಲ್ಲಿ ಮಾಂಸವಿದ್ದರೆ ಮಾಂಸ, ಕಣ್ಣಿದ್ದರೆ ಕಣ್ಣು.

ರಾಮಾಂಜಿನಪ್ಪನಿಗೆ ಅದು ಹೇಳಿಕೇಳಿ ಗೊತ್ತಿದ್ದುದಲ್ಲ. ಕಾರ್ಖಾನೆಗೆ ಸೇರಿದ ಮೂರನೇ ವರ್ಷ, ಪಕ್ಕದ ಲೇತಿನ ನಲ್ಲಪ್ಪ ಚಕ್ಕು ಬಿಗಿ ಮಾಡುವ ಕೀಲಿ ತೆಗೆಯುವುದನ್ನು ಮರೆತು ಸ್ವಿಚ್ಚು ಹಾಕಿದ್ದ. ಕೀಲಿ ಹಾರಿ ಬಂದು ನಲ್ಲಪ್ಪನ ದವಡೆಯನ್ನು ತೆಗೆದುಕೊಂಡು ಹೋಗಿ ಗೋಡೆಗೆ ನಾಟಿತ್ತು. ಗೋಡೆಯ ಮೇಲೆ ಎರಡು ಹಲ್ಲು ಅಂಟಿದ್ದವು. ಅವತ್ತಿನಿಂದ ತಿರುಗುವ ಯಾವ ವಸ್ತುವಿನ ಮುಂದೆಯೂ ಅವನು ನೇರಕ್ಕೆ ನಿಂತವನಲ್ಲ.

ಎರಡು ಕುಲಾವಿ ಮಾಡಿದ. ಒಂದರ ಬಾಯಿ ಸರಿಯಾಗಿ ಬಿಡಿಸಿ, ಅಂಚು ಸವರಿ, ಬೆರಳಾಡಿಸಿದರೆ ಹಾಲಿನ ಕೆನೆಯ ಹಾಗಿರಬೇಕು ಅನ್ನುವಷ್ಟು ನಯ ಮಾಡಿದ. ಇನ್ನೊಂದರ ಬಾಯಿ ರೆಕ್ಕೆಯ ಬುಡಕ್ಕಿಂತ ಕಾಲು ಮಿಲಿಮೀಟರು ಬಿಗಿ. ಅಂಚಿಗೆ ಅರ ಮುಟ್ಟಿಸಲೇ ಇಲ್ಲ. ನೋಡುವುದಕ್ಕೆ ಎರಡೂ ಅವಳಿಗಳು. ಶುಕ್ರವಾರ ಸಂಜೆ ಬಿಗಿ ಬಾಯಿಯ ಅಂಚಿಗೆ ಹೆಬ್ಬೆರಳು ಇಟ್ಟು ಒತ್ತಿದ, ಕೆಂಪು ಗೆರೆ ಮೂಡಿತು. ವಿಮಾನ ಚಾಲೂ ಮಾಡುವವನು ಮೂತಿಯ ಪಕ್ಕದಲ್ಲೇ ಇರುತ್ತಾನೆ. ಇಂಜಿನ್ನಿನ ಜೋರು ಏರಿಸುವಾಗ ಅವನ ಕೈ, ಅವನ ಮುಖ ಅಲ್ಲೇ ಇರುತ್ತದೆ. ದಾರ ಎಳೆದ ಕೈ. ರಾಮಾಂಜಿನಪ್ಪ ಅಷ್ಟೇ ಯೋಚಿಸಿದ, ಅದರಾಚೆ ಯೋಚಿಸಲಿಲ್ಲ. ಕಾರ್ಖಾನೆಯಲ್ಲಿ ಹೊಸ ತುಂಡು ತಿರುಗಿಸುವಾಗ ಮೆಷಿನ್ನು ಯಾರದೋ ಅವನೇ ಮುಂದೆ ನಿಲ್ಲಬೇಕು, ಇನ್ನೊಬ್ಬರನ್ನು ನಿಲ್ಲಿಸುವ ಹಾಗಿಲ್ಲ. ಆ ಕಟ್ಟಳೆ ಲೋಕಕ್ಕೆಲ್ಲ ಇದೆ ಅಂದುಕೊಂಡಿದ್ದ.

ಶನಿವಾರ ಮೋಹನ್‌ಬಾಬು ಒಬ್ಬನೇ ಬಂದ. ರಾಮಾಂಜಿನಪ್ಪ ಬಿಗಿ ಬಾಯಿಯ ಕುಲಾವಿ ಕೊಟ್ಟ.

"ವಾರೆವ್ಹಾ ಮಾವಾ! ಕನ್ನಡಿ ಇದ್ದಂಗಿದೆ. ನಾಳೆ ಆ ಮೇಷ್ಟ್ರಿಗೆ ಈ ಮೂತೀಲೇ ಕುಟ್ಟಿ ಕಳಿಸ್ತೀನಿ."

"ಸೌಜಿ ಕೈ ಹೆಂಗಿದೆ?"

"ಕೈಯಾ? ಇದೆ." ಕುಲಾವಿಯನ್ನು ಮೇಲಕ್ಕೆಸೆದು ಹಿಡಿದ. "ಬಾಯಿ ಜಾಸ್ತಿ ಆಗಿದೆ ಮಾವ ನಿಮ್ಮ ಮಗಳಿಗೆ. ನೀವು ಅವತ್ತು ಅವಳ ಮುಂದೆ 'ಎಳೆದೋರ ತಪ್ಪು' ಅಂದ್ರಲ್ಲ, ಮನೇಲಿ ಅದನ್ನೇ ಹಿಡ್ಕೊಂಡ್ಲು. ನೆನ್ನೆ ಸ್ವಲ್ಪ ಸರಿ ಮಾಡಿದೀನಿ. ಇನ್ಮೇಲೆ ಮಾತಾಡಲ್ಲ."

ಸ್ಕೂಟರ್ ಸದ್ದು ಬೀದಿ ತಿರುಗುವವರೆಗೂ ರಾಮಾಂಜಿನಪ್ಪ ಅಲ್ಲೇ ನಿಂತಿದ್ದ.

ಭಾನುವಾರ ಬೆಳಿಗ್ಗೆ ಎದ್ದವನು ಕಾಫಿಗೂ ಕಾಯದೆ ಶೆಡ್ಡಿಗೆ ಹೋದ. ಒಳ್ಳೆಯ ಕುಲಾವಿಯನ್ನು ಅಂಗಿಯ ಜೇಬಿಗೆ ಹಾಕಿಕೊಂಡ. ಇದು ಇನ್ನೂ ಹಗುರ, ಇದನ್ನು ಹಾಕಿ ಅಂತ ಹೇಳಬಹುದು. ಹೇಳದೆಯೂ ಇರಬಹುದು. ಅಲ್ಲಿಗೆ ಹೋಗಿ ನೋಡಿಕೊಂಡರಾಯಿತು ಅಂತ ಹೊರಟ. ಬಸ್ಸು ಅವತ್ತು ಇಪ್ಪತ್ತು ನಿಮಿಷ ತಡ. ಇಳಿದು ಕೆರೆ ಏರಿ ಹತ್ತುವಾಗಲೇ ಇಂಜಿನ್ನಿನ ಸದ್ದು ಕೇಳಿತು. ಏರಿಯ ತಲೆಯಿಂದ ಕೆಳಗೆ ನೋಡಿದ.

ಕೆಂಪು ವಿಮಾನ ನೆಲದ ಮೇಲಿತ್ತು, ಇಂಜಿನ್ನು ಸಣ್ಣಗೆ ಓಡುತ್ತಿತ್ತು. ಮೋಹನ್‌ಬಾಬು ಎಂಟು ಹೆಜ್ಜೆ ಹಿಂದೆ, ರಿಮೋಟು ಹಿಡಿದು ಕಾಲು ಅಗಲಿಸಿ ನಿಂತಿದ್ದ. ವಿಮಾನದ ಮೂತಿಯ ಪಕ್ಕದಲ್ಲಿ ಮಂಡಿಯೂರಿ ಕೂತಿದ್ದವಳು ಸೌಜನ್ಯ. ಇಂಜಿನ್ನಿನ ಪ್ಲಗ್ಗಿಗೆ ಬ್ಯಾಟರಿಯ ಕ್ಲಿಪ್ಪು ಹಾಕಿ ಚಾಲೂ ಮಾಡುತ್ತಾರೆ, ಜೋರು ಏರಿದ ಮೇಲೆ ಯಾರಾದರೂ ಆ ಕ್ಲಿಪ್ಪು ಕೀಳಬೇಕು. ತಿರುಗುವ ಪ್ರೊಪೆಲ್ಲರಿನಿಂದ ನಾಲ್ಕು ಬೆರಳು ದೂರಕ್ಕೆ ಕೈ ಹಾಕಬೇಕಾದ ಆ ಕೆಲಸ ಮದುವೆಯಾದಾಗಿನಿಂದ ಅವಳದೇ. ರಾಮಾಂಜಿನಪ್ಪ ಇದುವರೆಗೆ ಏರಿಯ ಮೇಲಿಂದ ಆಕಾಶ ನೋಡಿದವನೇ ಹೊರತು ಚಾಲೂ ಮಾಡುವಾಗ ನೆಲ ನೋಡಿದವನಲ್ಲ. ಸುಟ್ಟ ಬೆರಳು ಬಾಗದೆ, ಅವಳು ಎಡಗೈಯಿಂದ ಕ್ಲಿಪ್ಪು ಹಿಡಿದಿದ್ದಳು. ಅದಕ್ಕೆ ಮುಖ ಇನ್ನಷ್ಟು ಬಗ್ಗಿಸಿದ್ದಳು, ಪ್ರೊಪೆಲ್ಲರಿನ ನೇರಕ್ಕೆ.

"ಏಯ್! ನಿಲ್ಸೋ! ನಿಲ್ಸೋ!"

ಇಂಜಿನ್ನಿನ ಅರಚಾಟದಲ್ಲಿ ಕೂಗು ಯಾರಿಗೂ ಕೇಳಿಸಲಿಲ್ಲ. ಅರವತ್ತೆರಡು ವರ್ಷದ ಕಾಲಲ್ಲಿ ಅವನು ಏರಿಯಿಂದ ಜಾರುತ್ತ, ಬೀಳುತ್ತ, ಓಡಿದ. ಭಾನುಪ್ರಕಾಶ್ ತಿರುಗಿ ನೋಡಿ ಏನೋ ಅಂದ. ಮೋಹನ್‌ಬಾಬು ಬೆರಳಿನಿಂದ ರಿಮೋಟಿನ ಕಡ್ಡಿ ಮೇಲಕ್ಕೆ ತಳ್ಳಿದ. ಸದ್ದು ಕಿವಿ ಹರಿಯುವ ಹಾಗೆ ಏರಿತು.

ರಾಮಾಂಜಿನಪ್ಪ ಮಗಳ ಜಡೆಗೆ ಕೈ ಹಾಕಿ ಹಿಂದಕ್ಕೆ ಎಳೆದ. ಅವಳು ಅಂಗಾತ ಬಿದ್ದಳು. ಅವಳ ಮುಖವಿದ್ದ ಜಾಗಕ್ಕೆ ಅವನ ಎಡಗೈ ಬಂತು. ಅದೇ ಗಳಿಗೆಗೆ ಟಪ್ಪನೆ ಒಣ ಬಿದಿರು ಸೀಳಿದ ಹಾಗೆ ಸದ್ದಾಯಿತು.

ಮುರಿದ ರೆಕ್ಕೆ ಅವನ ಕಿರುಬೆರಳು, ಉಂಗುರ ಬೆರಳು ಎರಡನ್ನೂ ಕತ್ತರಿಸಿ, ಅಂಗೈಯಲ್ಲಿ ಓರೆಯಾಗಿ ಗೀರು ಎಳೆದು, ಆಚೆ ನಿಂತಿದ್ದ ಕಾರಿನ ಬಾಗಿಲಿಗೆ ಹೋಗಿ ನೆಟ್ಟಿತು. ಉಳಿದ ಒಂದೇ ರೆಕ್ಕೆಯ ಇಂಜಿನ್ನು ಹುಚ್ಚು ಹಿಡಿದ ಹಾಗೆ ಒದ್ದಾಡಿ, ವಿಮಾನದ ಮೂತಿಯನ್ನೇ ಕಿತ್ತುಕೊಂಡು, ಮಣ್ಣಲ್ಲಿ ಗಿರಗಿರ ಸುತ್ತಿ ಸತ್ತುಹೋಯಿತು. ಸೌಜನ್ಯಳ ಮುಖದ ತುಂಬ ರಕ್ತ. ಅವಳದಲ್ಲ.

ರಾಮಾಂಜಿನಪ್ಪ ಮಂಡಿಯೂರಿ, ಬಲಗೈಯಿಂದ ಎಡಗೈ ಹಿಸುಕಿ ಹಿಡಿದು, ಮಗಳ ಕಣ್ಣು ನೋಡಿದ. ಎರಡೂ ಇದ್ದವು.

ಮೋಹನ್‌ಬಾಬು ಮೊದಲು ಹೋದದ್ದು ವಿಮಾನದ ಹತ್ತಿರ. ಕುಲಾವಿ ಎತ್ತಿಕೊಂಡ. ಅದರ ಬಾಯಿಯ ಅಂಚಿನಲ್ಲಿ ರೆಕ್ಕೆಯ ಬುಡದ ಚಕ್ಕೆ ಸಿಕ್ಕಿಕೊಂಡಿತ್ತು. ಹೆಬ್ಬೆರಳು ಆಡಿಸಿದ. ಕೊಯ್ದಿತು. ಬೆರಳನ್ನು ನೋಡಿದ, ಮಾವನನ್ನು ನೋಡಿದ.

"ಅರ ಹಾಕಿಲ್ಲ," ಅಂದ. "ಮೂವತ್ತು ವರ್ಷ ಲೇತ್ ಮಾಡಿದೋನು ಅರ ಹಾಕೋದು ಮರೀತೀಯೇನೋ, ಮುದುಕ?"

ರಾಮಾಂಜಿನಪ್ಪನಿಗೆ ಸುಳ್ಳು ಹೇಳುವುದಕ್ಕೆ ಜಾಗವಿತ್ತು. ವಯಸ್ಸಾಯಿತು, ಕಣ್ಣು ಮಂಜು ಅನ್ನಬಹುದಿತ್ತು.

"ಮರೀಲಿಲ್ಲ ಕಣೋ. ನಿನಗೇ ಅಂತ ಮಾಡಿದ್ದು," ಅಂದ. "ಅಲ್ಲಿ ನೀನು ಕೂತಿರ್ತೀಯ ಅಂದ್ಕೊಂಡಿದ್ದೆ."

ಮೊದಲ ಒದೆ ಪಕ್ಕೆಗೆ ಬಿತ್ತು. ಎರಡನೆಯದು ಹಿಸುಕಿ ಹಿಡಿದಿದ್ದ ಕೈಗೆ. ಅವನು ಮಣ್ಣಿಗೆ ಬಿದ್ದ. ಮೂರನೆಯದು ಬಾಯಿಗೆ, ಚಪ್ಪಲಿಯ ಮಣ್ಣಿನ ಜೊತೆ ಒಂದು ಹಲ್ಲು ನಾಲಿಗೆಯ ಮೇಲೆ ಬಂತು. ಭಾನುಪ್ರಕಾಶ್ ಹಿಂದಿನಿಂದ ಅಪ್ಪಿ ಹಿಡಿಯಲು ಬಂದು ಮೊಳಕೈ ಏಟಿಗೆ ಕನ್ನಡಕ ಕಳೆದುಕೊಂಡು ಕೂತುಬಿಟ್ಟ. ಮೋಹನ್‌ಬಾಬು ಕುಲಾವಿಯ ಚೂಪು ತುದಿ ಮುಂದೆ ಮಾಡಿ ಮುಷ್ಟಿಯಲ್ಲಿ ಹಿಡಿದು, ಮಾವನ ಎದೆಯ ಮೇಲೆ ಮಂಡಿ ಇಟ್ಟು ಕೈ ಎತ್ತಿದ.

"ನಿನ್ನ ಕಣ್ಣಿಗೇ ಕೂರಿಸ್ತೀನಿ ಇದನ್ನ."

ಇಂಜಿನ್ನು ಚಾಲೂ ಮಾಡುವ ಸ್ಟಾರ್ಟರು ಅಂತ ಒಂದಿದೆ. ಹಿಡಿಕೆ ಇರುವ ಸಣ್ಣ ಮೋಟಾರು, ಎರಡು ಸೇರಿನ ತೂಕದ ಕಬ್ಬಿಣ. ಸೌಜನ್ಯ ಅದನ್ನು ಎಡಗೈಯಲ್ಲಿ ಎತ್ತಿ, ಸುಟ್ಟ ಬಲಗೈಯನ್ನು ಅದರ ಮೇಲೆ ಹಾಕಿ, ಒಗೆಯುವ ಕಲ್ಲಿಗೆ ಬಟ್ಟೆ ಬಡಿಯುವ ಹಾಗೆ ಗಂಡನ ದವಡೆಗೆ ಬಡಿದಳು. ಮೂಳೆ ಮುರಿದದ್ದು ಎಲ್ಲರಿಗೂ ಕೇಳಿಸಿತು. ಅವನು ಪಕ್ಕಕ್ಕೆ ಉರುಳಿದ. ಅವಳು ಸುತ್ತು ಬಂದು ಇನ್ನೊಂದು ಸಲ, ಈ ಸಲ ಅವನ ಬಲ ಮಣಿಕಟ್ಟಿಗೆ, ಉಗುರಿನ ನಾಲ್ಕು ಗೆರೆ ಇದ್ದ ಕಡೆಗೆ ಬಡಿದಳು. ಮೂರನೇ ಸಲ ಎತ್ತಿದಾಗ ಭಾನುಪ್ರಕಾಶ್ ತೆವಳಿಕೊಂಡು ಬಂದು ಅವಳ ಕಾಲು ಹಿಡಿದ.

"ಸಾಕಮ್ಮ. ಸಾಕು ಕಣಮ್ಮ. ಸತ್ತೋಗ್ತಾನೆ."

"ಹೋಗ್ಲಿ ಬಿಡಿ ಮೇಷ್ಟ್ರೇ," ಅಂದಳು ಸೌಜನ್ಯ. ಆದರೆ ಸ್ಟಾರ್ಟರನ್ನು ಕೆಳಗೆ ಹಾಕಿದಳು.

ಮೇಷ್ಟ್ರೇ ಇಬ್ಬರು ಗಂಡಸರನ್ನೂ ಒಂದೇ ಕಾರಿನಲ್ಲಿ ಹಾಕಿಕೊಂಡು ಚಿಕ್ಕಬಳ್ಳಾಪುರಕ್ಕೆ ಹೋದ. ಮುಂದಿನ ಸೀಟಿನಲ್ಲಿ ಅಳಿಯ, ಹಿಂದಿನ ಸೀಟಿನಲ್ಲಿ ಮಾವ. ಸೌಜನ್ಯ ಅಪ್ಪನ ಪಕ್ಕ ಕೂತು ಅವನ ಕೈಗೆ ಸೆರಗು ಸುತ್ತಿ ಹಿಡಿದಳು. ಆಸ್ಪತ್ರೆಯಲ್ಲಿ ಬೆರಳು ಕೂಡಿಸಲು ಆಗುವುದಿಲ್ಲ ಅಂದರು. ಬೆರಳು ಕೆರೆಯಲ್ಲೇ ಉಳಿದಿದ್ದವು, ಯಾರಿಗೂ ಹುಡುಕುವ ನೆನಪು ಬಂದಿರಲಿಲ್ಲ. ಪೊಲೀಸಿನವರು ಸೋಮವಾರ ಬಂದು ಬರೆದುಕೊಂಡರು. ರಾಮಾಂಜಿನಪ್ಪ ಇದ್ದದ್ದು ಇದ್ದ ಹಾಗೆ ಹೇಳಿದ, ಕುಲಾವಿಯ ಬಾಯಿ ಎಷ್ಟು ಬಿಗಿ ಅನ್ನುವುದನ್ನೂ ಸೇರಿಸಿ. ಸೌಜನ್ಯ ಎರಡು ಬೆರಳಿನ ಬಟ್ಟೆ ಬಿಚ್ಚಿ ತೋರಿಸಿದಳು. ಶುಕ್ರವಾರದ್ದನ್ನು ತೋರಿಸಲು ರವಿಕೆಯ ಬೆನ್ನು ಸರಿಸಿದಳು. ಬರೆಯುತ್ತಿದ್ದ ಹೆಣ್ಣು ಪೇದೆ ಪೆನ್ನು ನಿಲ್ಲಿಸಿ ಸ್ವಲ್ಪ ಹೊತ್ತು ಕಿಟಕಿ ನೋಡಿದಳು.

ಮಂಗಳವಾರ ರಾಮಾಂಜಿನಪ್ಪನನ್ನು, ಕರೆದಾಗ ಸ್ಟೇಷನ್ನಿಗೆ ಬರಬೇಕು ಅಂತ ಹೇಳಿ, ಆಸ್ಪತ್ರೆಯಿಂದ ಮನೆಗೆ ಬಿಟ್ಟರು. ಆದಿಲಕ್ಷ್ಮಮ್ಮ ಒಳಗಿನ ಕೋಣೆಯಲ್ಲಿ ಚಾಪೆ ಹಾಸಿದಳು. ಮಗಳಿಗೂ ಒಂದು ಹಾಸಿದಳು. "ಇಲ್ಲೇ ಇರ್ಲಿ ಬಿಡು. ಯಾರು ಏನ್ ಕೇಳ್ತಾರೋ ಕೇಳ್ಲಿ, ನಾನ್ ಹೇಳ್ಕೊಂತೀನಿ," ಅಂದಳು, ಯಾರೂ ಕೇಳದಿದ್ದರೂ.

ಬುಧವಾರ ಮಧ್ಯಾಹ್ನ ಸೌಜನ್ಯ ಅಪ್ಪನ ರಕ್ತದ ಅಂಗಿ ಒಗೆಯಲು ತೆಗೆದುಕೊಂಡಳು. ಜೇಬಿನಲ್ಲಿ ಗಟ್ಟಿಯಾಗಿ ಏನೋ ಸಿಕ್ಕಿತು. ತಂದು ಅಪ್ಪನ ಚಾಪೆಯ ಪಕ್ಕ ಕೂತಳು. ಕುಲಾವಿಯ ಬಾಯಿಯ ಅಂಚಿನ ಮೇಲೆ ಗಾಯವಿಲ್ಲದ ಬೆರಳನ್ನು ನಿಧಾನ ಆಡಿಸಿದಳು. ಕೊಯ್ಯಲಿಲ್ಲ.

"ಇದು ಸರಿಯಾದ್ದಾ?"

"ಹೂಂನಮ್ಮ."

"ಎರಡೂ ಮಾಡಿದ್ಯಾ?"

"ಹೂಂ."

"ಹೋದ ಬುಧವಾರ ಶೆಡ್ಡಿಗೆ ಬಂದಾಗ್ಲೇ ನಿಂಗೆ ಗೊತ್ತಾಗಿತ್ತು. ನನ್ನ ಕೈ ನೋಡಿದೆ. ಅಲ್ವಾ ಅಪ್ಪ?"

ರಾಮಾಂಜಿನಪ್ಪ ತಲೆಯಾಡಿಸಿದ.

"ನಾನು ಅವತ್ತು ಲೇತ್ ಕಡೆ ನೋಡ್ಕೊಂಡು ನಿಂತಿದ್ದೆ. 'ಇಲ್ಲೇ ಇರಮ್ಮ' ಅಂತ ನೀನು ಅಂತೀಯ ಅಂತ. ಒಂದ್ ಮಾತು. ಅಂದಿದ್ರೆ ನಾನು ಸ್ಕೂಟರ್ ಹತ್ತಾನೇ ಇರ್ಲಿಲ್ಲ." ಅವಳ ಧ್ವನಿ ಏರಲಿಲ್ಲ, ಅಪ್ಪನ ಧ್ವನಿಯ ಹಾಗೆಯೇ ಇತ್ತು. "ಎರಡು ದಿನ ಕೂತು ಇದನ್ನ ಮಾಡಿದೆ. ಆ ಎರಡು ದಿನಾನೂ ನಾನು ಅಲ್ಲಿದ್ದೆ. ಶುಕ್ರವಾರನೂ ಅಲ್ಲೇ ಇದ್ದೆ."

ಬಾಗಿಲಾಚೆ ಆದಿಲಕ್ಷ್ಮಮ್ಮ ಎಡಗೈಯಲ್ಲಿ ಕೊಡ ಎತ್ತುವುದು ಕಂಡಿತು. ರಾಮಾಂಜಿನಪ್ಪನಿಗೆ ಹೇಳಬೇಕಾದದ್ದು ಬಹಳ ಇತ್ತು. ಸ್ಪ್ಯಾನರಿನ ಏಟಿನಿಂದ ಶುರು ಮಾಡಬೇಕಿತ್ತು.

"ಈಗ ಅಂತೀನಿ ಕಣಮ್ಮ," ಅಂದ. "ಇಲ್ಲೇ ಇರು."

"ಈಗ ಬೇಡಪ್ಪ." ಅವಳು ಕುಲಾವಿಯನ್ನು ಅವನ ಬಲಗೈಯಲ್ಲಿಟ್ಟು ಬೆರಳು ಮಡಿಸಿದಳು. "ನಿನ್ನ ಮೇಲೆ ಸಿಟ್ಟಿಲ್ಲ. ನನ್ನ ಕಣ್ಣು ಉಳಿಸಿದೆ. ಆದ್ರೆ ಆ ಮನೇಲಿ ಹೊಡೆಯೋ ಕೈ ಬರೋವಾಗ ಕಾಣ್ತಿತ್ತು. ಇಲ್ಲಿ ಎಲ್ಲ ಬಾಯಿ ಮುಚ್ಕೊಂಡೇ ನಡೆಯುತ್ತೆ, ಕಾಣಲ್ಲ. ಇಲ್ಲಿ ನನಗೆ ನಿದ್ದೆ ಬರಲ್ಲ."

ಚಿಂತಾಮಣಿಯಲ್ಲಿ ಅವಳು ಓದುವಾಗ ಇದ್ದ ಹೆಣ್ಣುಮಕ್ಕಳ ಹಾಸ್ಟೆಲ್ಲಿನ ವಾರ್ಡನ್ ಅನಸೂಯಮ್ಮನವರಿಗೆ ಅವಳೇ ಫೋನು ಮಾಡಿದ್ದಳು. ಅಡುಗೆಮನೆ ನೋಡಿಕೊಳ್ಳುವುದಕ್ಕೆ ಒಬ್ಬರು ಬೇಕಿತ್ತಂತೆ, ಇರುವುದಕ್ಕೆ ಒಂದು ಕೋಣೆಯನ್ನೂ ಕೊಡುತ್ತಾರಂತೆ. ಆದಿಲಕ್ಷ್ಮಮ್ಮ ಅತ್ತಳು, ಬೈದಳು, ಆಮೇಲೆ ಹುರಿಹಿಟ್ಟು ಕಟ್ಟಿಕೊಟ್ಟಳು.

ಮೋಹನ್‌ಬಾಬು ದವಡೆಗೆ ತಂತಿ ಕಟ್ಟಿಸಿಕೊಂಡು ಆಸ್ಪತ್ರೆಯಲ್ಲೇ ಇದ್ದ. ಬಾಗಿಲಲ್ಲಿ ಪೊಲೀಸಿನವನೊಬ್ಬ ಕೂತಿದ್ದ. ರಾಮಾಂಜಿನಪ್ಪನ ಮೇಲಿನ ಕೇಸೂ ಹಾಗೇ ಇತ್ತು, ಅವನು ಅದನ್ನು ಅಲ್ಲಗಳೆಯಲಿಲ್ಲ. ಲೇತಿನ ಚಕ್ಕಿಗೆ ಗೋಣಿಚೀಲ ಹೊದಿಸಿದ.

ಸೌಜನ್ಯ ಒಂದು ಬ್ಯಾಗು, ಹುರಿಹಿಟ್ಟಿನ ಗಂಟು ಹಿಡಿದು, ಗೌರಿಬಿದನೂರಿನ ಬಸ್ ಸ್ಟ್ಯಾಂಡಿನಿಂದ ಚಿಂತಾಮಣಿಗೆ ಹೋಗುವ ಏಳೂಕಾಲರ ಬಸ್ಸು ಹತ್ತಿ ಹೋದಳು. ಅವತ್ತು ಗುರುವಾರ.